ಕೋಷ್ಟಕದ ಹಸಿರು ಗುರುತು ನೋಡಿ ಲೈಬ್ರರಿ ಆರಿಸಬೇಡಿ

ಮುಕ್ತ ತಂತ್ರಾಂಶದ ಲೈಬ್ರರಿ, ಅಂದರೆ ಬೇರೆಯವರು ಬರೆದಿಟ್ಟ ಸಿದ್ಧ ಕೋಡ್, ಬಳಸುವವರು ದಯವಿಟ್ಟು ಇದನ್ನು ಓದಿ. ಯಾವ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಯಾವ ಸೌಲಭ್ಯವಿದೆ ಎಂದು ತೋರಿಸುವ ಕೋಷ್ಟಕವನ್ನು ನಂಬಿ ನಾನು ರೈತರ ಮುಂದೆ ತಲೆ ತಗ್ಗಿಸಿ ನಿಲ್ಲಬೇಕಾಯಿತು.

ಬಾಗಲಕೋಟೆಯ ನವನಗರದಲ್ಲಿ ನಮ್ಮದು ಮೂವರ ಕಚೇರಿ. ಕಳೆದ ಹಂಗಾಮಿನಲ್ಲಿ ಸಕ್ಕರೆ ಕಾರ್ಖಾನೆಯೊಂದಕ್ಕೆ ಕಬ್ಬಿನ ತೂಕದ ಚೀಟಿಗಳ ತಂತ್ರಾಂಶ ಮಾಡಿಕೊಟ್ಟೆವು. ಸರ್ವರ್ ಪೈಥಾನ್‌ನಲ್ಲಿ, ಕೌಂಟರಿನ ಪರದೆ ಜಾವಾಸ್ಕ್ರಿಪ್ಟ್‌ನಲ್ಲಿ, ಎರಡರ ನಡುವೆ ಮಾಹಿತಿ ಸಾಗಿಸಲು ಇಂಥದೊಂದು ಲೈಬ್ರರಿ. ಚೀಟಿಯ ಸಂಖ್ಯೆ ದಿನಾಂಕದಿಂದ ಶುರುವಾಗುವ 17 ಅಂಕಿ. ಅದಕ್ಕೇ ಲೈಬ್ರರಿಯ ಕೋಷ್ಟಕದಲ್ಲಿ ಮೊದಲು ನೋಡಿದ್ದು ‘64 ಬಿಟ್ ಪೂರ್ಣಾಂಕ’, ಅಂದರೆ ಇಷ್ಟು ದೊಡ್ಡ ಸಂಖ್ಯೆಯೂ ಹಿಡಿಸುವ ಬಗೆ, ಎಂಬ ಸಾಲನ್ನು. ಎರಡೂ ಭಾಷೆಗಳ ಕೆಳಗೆ ಹಸಿರು ಗುರುತು. ಅಷ್ಟು ಸಾಲದೆಂದು ಆ ತಂಡದಲ್ಲೇ ಇರುವ ಬೆಳಗಾವಿಯವರೊಬ್ಬರಿಗೆ ಫೋನ್ ಮಾಡಿದೆ. “ಎಲ್ಲ ಭಾಷೆಗಳಲ್ಲೂ ಒಂದೇ ಸರ್, ನಿಶ್ಚಿಂತೆಯಿಂದ ಹಾಕಿ” ಎಂದರು.

ಮೊದಲ ವಾರವೇ ಹಿರಿಯ ರೈತರೊಬ್ಬರು ಚೀಟಿ ಹಿಡಿದು ಬಂದರು. ಕೊನೆಯ ಅಂಕಿ 3. ಪರದೆಯಲ್ಲಿ ಬಂದದ್ದು 4. ಹೆಸರು ಬೇರೆಯವರದು, ತೂಕವೂ ಬೇರೆಯವರದು. “ತಮ್ಮಾ, ಕಬ್ಬು ನನ್ನದು, ಈ ಹೆಸರು ಯಾರದು?” ಎಂದರು. ಹಿಂದೆ ಟ್ರ್ಯಾಕ್ಟರುಗಳ ಸಾಲು. ಮತ್ತೆ ಒತ್ತಿದೆ, ಮತ್ತೆ 4. ಇನ್ನೊಬ್ಬರ 1 ಹೋಗಿ 0 ಆಗಿತ್ತು. ಎಲ್ಲರೂ ನನ್ನ ಮುಖವನ್ನೇ ನೋಡುತ್ತಿದ್ದರು. ಜಾವಾಸ್ಕ್ರಿಪ್ಟ್‌ನ ಸಾಮಾನ್ಯ ಸಂಖ್ಯೆ ಪೂರ್ಣಾಂಕಗಳನ್ನು ತಪ್ಪಿಲ್ಲದೆ ಹಿಡಿಯುವುದು 9007199254740991ರವರೆಗೆ ಮಾತ್ರ. ಅದು ಗೊತ್ತಿದ್ದೇ ನಾನು ಕೋಷ್ಟಕ ನೋಡಿದ್ದು! ಲೈಬ್ರರಿ ಸದ್ದಿಲ್ಲದೆ ನಮ್ಮ 17 ಅಂಕಿಯ ಸಂಖ್ಯೆಯನ್ನು ಅದರೊಳಗೇ ತುರುಕಿ ಕೊನೆಯ ಅಂಕಿ ಕೆಡಿಸಿತ್ತು. ಒಂದು ದೋಷಸೂಚನೆಯೂ ಇಲ್ಲ.

ಲೈಬ್ರರಿಯ ತಂಡಕ್ಕೆ ಬರೆದು ಕೇಳಿದರೆ ಅವರ ಮೊದಲ ಉತ್ತರ: “ಪೈಥಾನ್‌ನಲ್ಲಿ ಸರಿ ಇದೆಯಲ್ಲ.” ನಾನು ಕೇಳಿದ್ದು ಜಾವಾಸ್ಕ್ರಿಪ್ಟ್ ಬಗ್ಗೆ! ಎರಡನೆಯದು: “ಅದು ಆ ಭಾಷೆಯ ಮಿತಿ.” ಎಷ್ಟು ದೊಡ್ಡ ಪೂರ್ಣಾಂಕವನ್ನೂ ನಿಖರವಾಗಿ ಹಿಡಿಯುವ ಬಿಗ್‌ಇಂಟ್ 2020ರಲ್ಲೇ ಆ ಭಾಷೆಯ ಮಾನದಂಡಕ್ಕೆ ಸೇರಿದೆ ಎಂದೆ. ಎರಡು ದಿನ ಮೌನ. ಆಮೇಲೆ ಬಂತು ನೋಡಿ: “ಹಸಿರು ಎಂದರೆ ಓದುತ್ತದೆ ಎಂದಷ್ಟೇ, ನಿಖರವಾಗಿ ಎಂದಲ್ಲ. ಬೇಕಿದ್ದರೆ ನೀವೇ ಬರೆದು ಕಳುಹಿಸಿ, ಇದು ಉಚಿತ ತಾನೇ?”

ಉಚಿತ ಎಂದಮಾತ್ರಕ್ಕೆ ಇಲ್ಲದ್ದನ್ನು ಇದೆ ಎಂದು ಬರೆಯಬಹುದೇ? ‘ಇಲ್ಲ’ ಎಂದಿದ್ದರೆ ಸಂಖ್ಯೆಯನ್ನು ಮೊದಲೇ ಪಠ್ಯವಾಗಿ ಕಳುಹಿಸುತ್ತಿದ್ದೆ. ಮಾಹಿತಿ ಸಾಗಿಸಲು ಗೂಗಲ್ ಮಾಡಿದ ಪ್ರೋಟೋಕಾಲ್ ಬಫರ್ಸ್ ಕೂಡ ತನ್ನ ಜೇಸನ್ ಎಂಬ ಪಠ್ಯರೂಪದಲ್ಲಿ 64 ಬಿಟ್ ಸಂಖ್ಯೆಗೆ ಮಾಡುವುದು ಅದನ್ನೇ. ತಂತ್ರಾಂಶಗಳ ನಡೆಯನ್ನು ಗಮನಿಸುವ ಓಪನ್‌ಟೆಲಿಮೆಟ್ರಿ ಎಂಬ ಮುಕ್ತ ಯೋಜನೆಯ ಇಂಥದೇ ಕೋಷ್ಟಕದಲ್ಲಿ ಇಲ್ಲದ್ದಕ್ಕೆ ‘-’ ಎಂದೇ ಹಾಕುತ್ತಾರೆ, ತಿಳಿಯದ್ದನ್ನು ಖಾಲಿ ಬಿಡುತ್ತಾರೆ. ಇವರಿಗೇನು ಕಷ್ಟವಿತ್ತು? ಆ ಹಸಿರು ಗುರುತು ಇಂದು ಬೆಳಗ್ಗೆಯೂ ಅಲ್ಲೇ ಇತ್ತು.

ಎರಡು ರಾತ್ರಿ ನಿದ್ದೆಗೆಟ್ಟು ಎಲ್ಲ ಸಂಖ್ಯೆಗಳನ್ನೂ ಪಠ್ಯಕ್ಕೆ ಬದಲಿಸಿದೆವು. ಆ ಹಿರಿಯರ ಲೆಕ್ಕ ಸರಿಹೋಯಿತು. ಅವರು ಎದುರಾದರೆ ನನಗೆ ಈಗಲೂ ಸಂಕೋಚ.

ನೀವು ಯಾರ ಮಾತನ್ನೂ ನಂಬಬೇಡಿ. 9007199254740993 ಎಂಬ ಸಂಖ್ಯೆಯನ್ನು ಒಂದು ಭಾಷೆಯಲ್ಲಿ ಬರೆದು ಇನ್ನೊಂದರಲ್ಲಿ ಓದಿಸಿ. ಕೊನೆಯ ಅಂಕಿ 2 ಬಂದರೆ ಆ ಲೈಬ್ರರಿಯನ್ನು ಅಲ್ಲಿಗೇ ಬಿಡಿ. ನಾವು 101, 102ರಂಥ ಚಿಕ್ಕ ಸಂಖ್ಯೆ ಹಾಕಿ ನೋಡಿ, ಅಷ್ಟು ಸಾಕೆಂದುಕೊಂಡಿದ್ದೆವು.