ವ್ಯಾಯಾಮಕ್ಕೆ ಮಂಗಳಾ ಸ್ಟೇಡಿಯಮ್ಮೋ, ಹಾಸ್ಟೆಲ್ ರೂಮೋ?

ಬೆಳಿಗ್ಗೆ ಮಂಗಳಾ ಸ್ಟೇಡಿಯಂಗೆ ಹೋಗಿ ಓಡುವುದಾದರೆ ಜೊತೆ ಸಿಗುತ್ತದೆ. ಗೆಳೆಯ ಗೇಟಿನ ಹತ್ತಿರ ಕಾಯುತ್ತಿದ್ದರೆ ಮತ್ತೆ ಹೊದ್ದು ಮಲಗಲು ಮುಖವಿರುವುದಿಲ್ಲ. ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಂಗಳೂರಿನ ಮಳೆ ಬಿಡಬೇಕಲ್ಲ! ಒದ್ದೆ ಶೂ ಹಾಸ್ಟೆಲ್ ಕಿಟಕಿಯಲ್ಲಿ ಒಣಗುವಷ್ಟರಲ್ಲಿ ಅಭ್ಯಾಸವೇ ತಪ್ಪಿರುತ್ತದೆ. ಏಪ್ರಿಲ್ ಸೆಕೆಯದು ಬೇರೆಯೇ ಕಾಟ.

ರೂಮಿನಲ್ಲೇ ದಂಡ, ಬಸ್ಕಿ ಹೊಡೆಯುವವರಿಗೆ ಮಳೆಯ ಹಂಗಿಲ್ಲ, ಬಸ್ಸಿನ ಖರ್ಚಿಲ್ಲ. ದಿನಾ ಸ್ನಾನಕ್ಕೆ ಮುಂಚೆ ಹದಿನೈದು ನಿಮಿಷದಲ್ಲಿ ಮುಗಿಯುತ್ತದೆ. ಬೇಜಾರು ಮಾತ್ರ ಬೇಗ ಬರುತ್ತದೆ. ಜಿಮ್? ಫೀಸು ಕಟ್ಟಿದ್ದೇ ವ್ಯಾಯಾಮ ಆಗದಿದ್ದರೆ ಸರಿ.

ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುವುದು ವಾರಕ್ಕೆ ಕನಿಷ್ಠ 150 ನಿಮಿಷದ ಮಧ್ಯಮ ಶ್ರಮ, ಜೊತೆಗೆ 2 ದಿನ ಸ್ನಾಯುಗಳಿಗೆ ಕೆಲಸ. ಹಾಗಾಗಿ ಲ್ಯಾಬ್, ಇಂಟರ್ನಲ್ಸ್ ಪರೀಕ್ಷೆಗಳ ಗಡಿಬಿಡಿಯವರು ರೂಮನ್ನೇ ಆರಿಸಿ, ಬಿಸಿಲು ಬಂದ ಭಾನುವಾರ ಓಡಿ. ಎಬ್ಬಿಸುವ ಗೆಳೆಯನಿದ್ದರೆ ಮಾತ್ರ ಸ್ಟೇಡಿಯಂ.