ಕುಡಿಯುವ ಲೋಟಕ್ಕೆ ಬಣ್ಣ ಹಚ್ಚುವ ಮುಂಚೆ ದಯವಿಟ್ಟು ಇದನ್ನು ಓದಿ

ಮನೆಯಲ್ಲೇ ಗಾಜಿನ ಲೋಟ, ಜಗ್ಗು, ಬಾಟಲಿಗೆ ಚಿತ್ರ ಬಿಡಿಸುವುದು ನನಗೆ ತುಂಬ ಇಷ್ಟದ ಕೆಲಸ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಈ ರಾಮನವಮಿಗೆ ನಮ್ಮ ಮನೆಯಲ್ಲಿ ಆದದ್ದು ನಿಮ್ಮ ಮನೆಯಲ್ಲಿ ಆಗಬಾರದು.

ಹಬ್ಬದ ದಿನ ಅಕ್ಕಪಕ್ಕದವರನ್ನೆಲ್ಲ ಕರೆದು ಪಾನಕ, ಕೋಸಂಬರಿ ಕೊಡುವುದು ನಮ್ಮಲ್ಲಿ ಮೊದಲಿಂದ ಬಂದದ್ದು. ಪ್ಲಾಸ್ಟಿಕ್ ಲೋಟ ಬೇಡ ಅಂತ ಈ ಸಲ ಚಿಕ್ಕಪೇಟೆಯಿಂದ 24 ಗಾಜಿನ ಲೋಟ ತಂದೆ. ಹನ್ನೆರಡಕ್ಕೆ ಮಾವಿನೆಲೆ ತೋರಣ, ಹನ್ನೆರಡಕ್ಕೆ ಮಲ್ಲಿಗೆ ಬಳ್ಳಿ ಅಂತ ಲೆಕ್ಕ ಹಾಕಿಕೊಂಡೆ. ತೋರಣದ ಲೋಟಗಳು ಪಾನಕ ಕೊಡುವುದಕ್ಕೆ, ಮಲ್ಲಿಗೆಯವು ತಾಂಬೂಲದ ಜೊತೆ ಉಡುಗೊರೆಗೆ.

ಸ್ಟೇಷನರಿ ಅಂಗಡಿಗೆ ಹೋಗಿ "ಲೋಟಕ್ಕೆ ಹಚ್ಚೋಕೆ ಬಣ್ಣ ಬೇಕಿತ್ತು" ಅಂದೆ. ಅಂಗಡಿಯವರು "ಇದೇ ಗ್ಲಾಸ್ ಕಲರ್ ಮೇಡಂ, ಎಲ್ಲರೂ ಇದನ್ನೇ ತಗೊಳ್ಳೋದು" ಅಂತ ಪುಟ್ಟ ಶೀಶೆಗಳ ಡಬ್ಬಿ ಕೊಟ್ಟರು. ಅಂಚು ಬರೆಯಲು ಒಂದು ಚಿನ್ನದ ಬಣ್ಣದ ಟ್ಯೂಬ್. ಗಾಜಿನ ಬಣ್ಣ ಅಂದಮೇಲೆ ಗಾಜಿನ ಲೋಟಕ್ಕೂ ಆಗುತ್ತದೆ ಅಂತಲೇ ನಾನು ಅಂದುಕೊಂಡೆ. ಯಾರಾದರೂ ಹಾಗೇ ಅಂದುಕೊಳ್ಳುತ್ತಾರೆ, ಅಲ್ವಾ?

ಮೂರು ವಾರ ರಾತ್ರಿ ಕೂತು ಬಿಡಿಸಿದೆ. ಸೊಳ್ಳೆ ಬರುತ್ತದೆ ಅಂತ ಕಿಟಕಿ ಮುಚ್ಚಿರುತ್ತಿದ್ದೆ. ಒಂದು ಗಂಟೆ ಆಗುವಷ್ಟರಲ್ಲಿ ತಲೆ ಭಾರ, ಕಣ್ಣು ಉರಿ. ನಿದ್ದೆಗೆಟ್ಟಿದ್ದಕ್ಕೆ ಹೀಗೆ ಅಂದುಕೊಂಡೆ. ಅದು ಬಣ್ಣದಲ್ಲಿದ್ದ ಥಿನ್ನರ್‌ನಂಥ ದ್ರವದ ಆವಿ ಅಂತ ಆಮೇಲೆ ತಿಳಿಯಿತು.

ಬಣ್ಣ ಗಟ್ಟಿ ಆಗಬೇಕಾದರೆ ಬೇಯಿಸಬೇಕು, 200 ಡಿಗ್ರಿಗೆ ಅರ್ಧ ಗಂಟೆ ಸಾಕು ಅಂತ ಆನ್‌ಲೈನ್ ತರಗತಿಯಲ್ಲಿ ಒಬ್ಬರು ಹೇಳಿದ್ದರು. ಯಾವ ಬಣ್ಣಕ್ಕೆ ಅನ್ನುವುದನ್ನು ಹೇಳಿರಲಿಲ್ಲ. ಕೇಕ್ ಮಾಡುವ ಓಟಿಜಿಯನ್ನು (ಕರೆಂಟಿನ ಪುಟ್ಟ ಓವನ್) ಮೊದಲೇ ಬಿಸಿ ಮಾಡಿ ಎರಡು ಲೋಟ ಒಳಗಿಟ್ಟೆ. ಸ್ವಲ್ಪ ಹೊತ್ತಿಗೆ ಟಿಕ್ ಅಂತ ಸದ್ದು. ಒಂದು ಲೋಟ ಬುಡದಿಂದ ಮೇಲಿನವರೆಗೆ ಸೀಳಿತ್ತು. ಅಡುಗೆಮನೆ ತುಂಬ ಗಾಟು. ಹೆದರಿ ಸ್ವಿಚ್ ಆರಿಸಿದೆ. ಉಳಿದವನ್ನು ಹಾಗೇ ಗಾಳಿಗೆ ಒಣಗಿಸಿದೆ. ಮುಟ್ಟಿದರೆ ಕೈಗೆ ಅಂಟುತ್ತಿರಲಿಲ್ಲ, ಸರಿ ಇದೆ ಅನ್ನಿಸಿತು.

ಹಬ್ಬದ ದಿನ ಲೋಟ ನೋಡಿ ಎಲ್ಲರೂ ಖುಷಿ ಪಟ್ಟರು. ತಣ್ಣಗಿನ ಪಾನಕ, ಬೆಲ್ಲ, ನಿಂಬೆಹುಳಿ, ಏಲಕ್ಕಿ, ಮೆಣಸು. ಲೋಟದ ಹೊರಗೆ ಬೆವರಿನಂತೆ ನೀರು ಕೂತಿತ್ತು. ತಮ್ಮನ ಮಗಳಿಗೆ ಐದು ವರ್ಷ. ಎರಡನೇ ಸಲ ಪಾನಕ ಹಾಕಿಸಿಕೊಂಡು ಕುಡಿಯುತ್ತಿದ್ದವಳು ನನ್ನ ಹತ್ತಿರ ಬಂದು, "ಅತ್ತೆ, ಎಲೆ ಬಾಯಿಗೆ ಬಂತು" ಅಂದಳು.

ಅವಳ ಕೆಳತುಟಿಗೆ ಒಂದು ಹಸಿರು ಚಕ್ಕೆ ಅಂಟಿತ್ತು. ಈರುಳ್ಳಿ ಸಿಪ್ಪೆಯಷ್ಟು ತೆಳು. ಚಿನ್ನದ ಗೆರೆ ಸಮೇತ ಬಂದಿತ್ತು. ಲೋಟ ತಿರುಗಿಸಿ ನೋಡಿದೆ. ತೋರಣದಲ್ಲಿ ಮೂರು ಎಲೆ ಇರಲಿಲ್ಲ. ತುಟಿಯಲ್ಲಿ ಇದ್ದದ್ದು ಒಂದೇ. ನನ್ನ ಎದೆ ಧಸಕ್ ಅಂದಿತು. ತೋರಣ ಅಂದರೆ ಅಂಚಿಗೇ ಕಟ್ಟಬೇಕಲ್ಲ. ಬಾಯಿ ಇಡುವ ಜಾಗದಲ್ಲೇ ನಾನು ಎಲೆ ಬಿಡಿಸಿದ್ದೆ.

ಎಲ್ಲರ ಕೈಯಿಂದ ಲೋಟ ತಗೊಂಡೆ. ಮಗುವನ್ನು ಡಾಕ್ಟರ ಹತ್ತಿರ ಕರೆದುಕೊಂಡು ಓಡಿದೆವು. ಇಷ್ಟು ಸಣ್ಣ ಚಕ್ಕೆಯಿಂದ ಸಾಮಾನ್ಯವಾಗಿ ಏನೂ ಆಗುವುದಿಲ್ಲ, ವಾಂತಿ, ಹೊಟ್ಟೆನೋವು ಬಂದರೆ ಕರೆದುಕೊಂಡು ಬನ್ನಿ ಅಂದರು. ದೇವರ ದಯೆ, ಏನೂ ಆಗಲಿಲ್ಲ. ಆದರೆ "ಈ ಬಣ್ಣದಲ್ಲಿ ಏನೇನಿದೆ?" ಅಂತ ಅವರು ಕೇಳಿದಾಗ ನನ್ನ ಹತ್ತಿರ ಉತ್ತರ ಇರಲಿಲ್ಲ. ಮನೆಗೆ ಬಂದು ಡಬ್ಬಿಯನ್ನು ದೀಪದ ಹತ್ತಿರ ಹಿಡಿದು ಓದಿದೆ. ಸಾಸಿವೆ ಕಾಳಿನಷ್ಟು ಅಕ್ಷರದಲ್ಲಿ ಬರೆದಿತ್ತು. ಅಲಂಕಾರಕ್ಕೆ ಮಾತ್ರ. ಊಟ, ಪಾನೀಯ ತಾಗುವ ಜಾಗಕ್ಕೆ ಅಲ್ಲ. ಪಕ್ಕದಲ್ಲೇ ಬೆಂಕಿಯ ಗುರುತು. ಬೆಂಕಿ ಹತ್ತಿಕೊಳ್ಳುವ ಬಣ್ಣವನ್ನು ನಾನು ಓಟಿಜಿಗೆ ಇಟ್ಟಿದ್ದೆ.

ಅದಾದ ಮೇಲೆ ತಿಳಿದುಕೊಂಡದ್ದನ್ನು ಹೇಳುತ್ತೇನೆ. ಅಂಗಡಿಯಲ್ಲಿ ಗ್ಲಾಸ್ ಕಲರ್ ಅಂತ ಸಿಗುವುದರಲ್ಲಿ ಎರಡು ಬಗೆ ಇದೆ. ಒಂದು ಥಿನ್ನರ್ ಬೆರೆತದ್ದು. ಕಿಟಕಿ ಗಾಜು, ಫೋಟೋ ಫ್ರೇಮಿನಂಥದ್ದಕ್ಕೆ. ಗಾಜು ಬಣ್ಣ ಹೀರಿಕೊಳ್ಳುವುದಿಲ್ಲ, ಅದು ಮೇಲೆ ಪೊರೆಯ ಹಾಗೆ ಕೂತಿರುತ್ತದೆ ಅಷ್ಟೇ. ನೀರು ತಾಗಿ, ಕೈ ಉಜ್ಜಿ, ಒಂದು ಕಡೆ ಅಂಚು ಎದ್ದರೆ ಸಾಕು, ಇಡೀ ಎಲೆ ಕಿತ್ತು ಬರುತ್ತದೆ. ಇನ್ನೊಂದು ನೀರು ಬೆರೆತದ್ದು, ಓವನ್‌ನಲ್ಲಿ ಬೇಯಿಸುವುದಕ್ಕೆ ಅಂತಲೇ ಮಾಡಿದ್ದು. ಲೋಟಕ್ಕೆ ಹಚ್ಚುವುದಾದರೆ ಇದನ್ನೇ ಕೇಳಿ. ಎಷ್ಟು ಶಾಖ, ಎಷ್ಟು ಹೊತ್ತು ಅನ್ನುವುದು ಕಂಪನಿಯಿಂದ ಕಂಪನಿಗೆ ಬೇರೆ. ನಾನು ಈಗ ಬಳಸುವುದರ ಮೇಲೆ ಒಂದು ದಿನ ಪೂರ್ತಿ ಒಣಗಿಸಿ, 160 ಡಿಗ್ರಿಯಲ್ಲಿ 40 ನಿಮಿಷ ಅಂತ ಇದೆ. ಲೋಟವನ್ನು ತಣ್ಣಗಿನ ಓವನ್‌ನಲ್ಲಿ ಇಟ್ಟು ಆಮೇಲೆ ಸ್ವಿಚ್ ಹಾಕಬೇಕು. ಆರಿಸಿದ ಮೇಲೂ ಒಳಗೇ ತಣ್ಣಗಾಗಲು ಬಿಡಬೇಕು. ಸಾಮಾನ್ಯ ಗಾಜು ದಿಢೀರ್ ಬಿಸಿ ತಡೆಯುವುದಿಲ್ಲ, ನನ್ನ ಲೋಟ ಸೀಳಿದ್ದು ಅದಕ್ಕೇ. ಬಣ್ಣ ಮುಟ್ಟುವ ಮುಂಚೆ ಹತ್ತಿಗೆ ಸ್ಪಿರಿಟ್ ಹಾಕಿ ಗಾಜು ಒರೆಸಿ. ಬೆರಳಿನ ಜಿಡ್ಡು ಇದ್ದರೆ ಯಾವ ಬಣ್ಣವೂ ಹಿಡಿಯುವುದಿಲ್ಲ.

ಎಷ್ಟು ಚೆನ್ನಾಗಿ ಬೇಯಿಸಿದ್ದರೂ ಲೋಟದ ಒಳಗೆ ಬಣ್ಣ ಬೇಡ. ಹೊರಗೂ ಮೇಲಿನ ಅಂಚಿನಿಂದ ಎರಡು ಸೆಂಟಿಮೀಟರ್ ಖಾಲಿ ಬಿಡಿ, ಅಂದರೆ ಒಂದು ಹೆಬ್ಬೆರಳಿನ ಅಗಲ. ಡಬ್ಬಿ ಮೇಲೆ ನಾನ್ ಟಾಕ್ಸಿಕ್ ಅಂತ ಇದ್ದ ಮಾತ್ರಕ್ಕೆ ಅದು ಬಾಯಿಗೆ ತಾಗಬಹುದು ಅಂತ ಅರ್ಥ ಅಲ್ಲ. ಬಣ್ಣ ಕಿತ್ತು ಬರದೆ ಇದ್ದರೂ ತೊಂದರೆ ಇರಬಹುದು. 2010ರಲ್ಲಿ ಅಮೆರಿಕದಲ್ಲಿ ಒಂದು ದೊಡ್ಡ ಬರ್ಗರ್ ಕಂಪನಿ ಸುಮಾರು 1 ಕೋಟಿ 20 ಲಕ್ಷ ಚಿತ್ರದ ಲೋಟಗಳನ್ನು ವಾಪಸ್ ಕರೆಸಿಕೊಂಡಿತು. ಚಿತ್ರದ ಬಣ್ಣದಲ್ಲಿ ಕ್ಯಾಡ್ಮಿಯಂ ಅನ್ನುವ ವಿಷದ ಲೋಹ ಇತ್ತು. ಅವೆಲ್ಲ ಕಾರ್ಖಾನೆಯಲ್ಲಿ ತಯಾರಾದವು. ನಾವು ಮನೆಯಲ್ಲಿ ಮಾಡುವವರು ಇನ್ನೆಷ್ಟು ಜೋಪಾನವಾಗಿ ಇರಬೇಕು ನೋಡಿ.

ನನ್ನನ್ನು ತುಂಬ ಕಾಡಿದ್ದು ಉಡುಗೊರೆ ಕೊಟ್ಟ ಮಲ್ಲಿಗೆ ಲೋಟಗಳು. ಮಾರನೇ ದಿನವೇ ಮನೆ ಮನೆಗೆ ಹೋಗಿ ವಾಪಸ್ ಕೇಳಿದೆ. ತಾಂಬೂಲದ ಜೊತೆ ಕೊಟ್ಟದ್ದನ್ನು ವಾಪಸ್ ಕೇಳುವುದು ಎಷ್ಟು ಕಷ್ಟ ಅಂತ ನಿಮಗೆ ಗೊತ್ತು. ಎರಡನೇ ಮಹಡಿಯ ಅಜ್ಜಿ ಆಗಲೇ ಬೆಳಿಗ್ಗೆ ಅದರಲ್ಲಿ ಬಿಸಿನೀರು, ನಿಂಬೆರಸ ಕುಡಿದಿದ್ದರು. "ಎಷ್ಟು ಚೆನ್ನಾಗಿದೆ ಕಣೇ, ಯಾಕೆ ತಗೊಂಡು ಹೋಗ್ತೀಯಾ?" ಅಂತ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೇ ಕೇಳಿದರು. ಆದದ್ದನ್ನು ಪೂರ್ತಿ ಹೇಳಿದೆ. ಸುಮ್ಮನೆ ಕೇಳಿಸಿಕೊಂಡು, ಲೋಟ ಒರೆಸಿ ಕೊಟ್ಟರು.

ಹನ್ನೆರಡರಲ್ಲಿ ಹತ್ತು ಸಿಕ್ಕಿವೆ. ಎರಡು ಶಿವಮೊಗ್ಗಕ್ಕೆ ಹೋಗಿವೆ. ಫೋನ್ ಮಾಡಿ, ಅದರಲ್ಲಿ ಪೆನ್ನು ಪೆನ್ಸಿಲ್ ಬಿಟ್ಟು ಬೇರೇನೂ ಇಡಬೇಡಿ ಅಂತ ಹೇಳಿದ್ದೇನೆ. ಅಜ್ಜಿಗೆ ಹೊಸ ಲೋಟ ಕೊಟ್ಟೆ. ಮಲ್ಲಿಗೆ ಬುಡದಲ್ಲಿ ಮಾತ್ರ ಇದೆ, ಹೊರಗಡೆ.