ಹಳೇ ಜೋಡುನಳಿಗೆ ಕೋವಿ ರಿಪೇರಿಗೆ ಕೊಡುವ ಮುಂಚೆ ಇದನ್ನು ಓದಿ

ಕೊಡಗಿನ ಎಷ್ಟೋ ಮನೆಗಳಲ್ಲಿ ಅಜ್ಜನ ಕಾಲದ ಇಂಗ್ಲಿಷ್ ಜೋಡುನಳಿಗೆ ಕೋವಿ ಇನ್ನೂ ಇದೆ. ನಮ್ಮದು ಹೊರಗೆ ಎರಡು ಹ್ಯಾಮರ್ (ತೋಟೆ ಸಿಡಿಸಲು ಬಡಿಯುವ ಸುತ್ತಿಗೆ) ಇರುವ 12 ಬೋರ್. ನಳಿಗೆ ಡಮಾಸ್ಕಸ್, ಅಂದರೆ ಕಬ್ಬಿಣ ಮತ್ತು ಉಕ್ಕಿನ ಪಟ್ಟಿಗಳನ್ನು ತಿರುಚಿ, ಸರಳಿಗೆ ಸುತ್ತಿ, ಬಡಿದು ಬೆಸೆದದ್ದು. ಮೈತುಂಬ ಕಂದು ಬಣ್ಣದ ಸುರುಳಿ ಗೆರೆಗಳಿದ್ದವು. ಎಡಗಡೆಯ ಸ್ಪ್ರಿಂಗ್ ಸೋತು ಹ್ಯಾಮರ್ ನಿಧಾನವಾಗಿ ಬೀಳುತ್ತಿತ್ತು, ಅಷ್ಟೇ ದೂರು. ಬಹಳ ಜನ ಹೊಗಳಿದ್ದ ರಿಪೇರಿಯವನೊಬ್ಬನ ಕೈಗೆ ಕೊಟ್ಟೆವು. "ಹೊಸದರ ಹಾಗೆ ಮಾಡಿಕೊಡ್ತೇನೆ ಸಾರ್, ನೀವೇ ಗುರುತು ಹಿಡಿಯಲ್ಲ" ಅಂದ. ಆ ಮಾತನ್ನಂತೂ ಉಳಿಸಿಕೊಂಡ.

ವಾಪಸ್ ಬಂದಾಗ ನಳಿಗೆ ಕನ್ನಡಿಯಂತೆ ಕಪ್ಪಗೆ ಹೊಳೆಯುತ್ತಿತ್ತು. ಬಫ್ (ಪಾಲಿಶ್ ಚಕ್ರ) ಹೊಡೆದು ಸುರುಳಿ ಗೆರೆಗಳನ್ನೆಲ್ಲ ಅಳಿಸಿ, ಕುದಿಯುವ ಕಾಸ್ಟಿಕ್ ದ್ರಾವಣದಲ್ಲಿ ಅದ್ದಿ ತೆಗೆದಿದ್ದಾನೆ. ಈಗಿನ ರೈಫಲ್‌ಗೆ ಆ ವಿಧಾನ ಸರಿ. ಹಳೇ ಜೋಡುನಳಿಗೆಯಲ್ಲಿ ಎರಡು ನಳಿಗೆಯನ್ನೂ ನಡುವಿನ ಪಟ್ಟಿಯನ್ನೂ ಹಿಡಿದಿಡುವುದು ಸೀಸ-ತವರದ ಮೆದು ಬೆಸುಗೆ, ಕಾಸ್ಟಿಕ್ ಅದನ್ನು ತಿಂದುಹಾಕುತ್ತದೆ. ಪರೀಕ್ಷೆ ಸುಲಭ. ನಳಿಗೆಯನ್ನು ಬಿಚ್ಚಿ, ಅದರ ಅಡಿಯ ಕೊಕ್ಕೆಯ ಕಡೆಯಿಂದ ಬೆರಳಿಗೆ ತೂಗುಹಾಕಿ, ಮೆಲ್ಲಗೆ ತಟ್ಟಬೇಕು. ಬೆಸುಗೆ ಗಟ್ಟಿಯಿದ್ದರೆ ಗಂಟೆಯಂತೆ ನಾದ ಎಳೆಯುತ್ತದೆ. ನಮ್ಮದು "ಟಕ್" ಅಂದು ಸುಮ್ಮನಾಯಿತು.

ಸ್ಪ್ರಿಂಗ್ ಕತೆ ಇನ್ನೂ ಕೆಟ್ಟದ್ದು. ಇವುಗಳಲ್ಲಿರುವುದು ಮಡಚಿದ ಪಟ್ಟಿ ಸ್ಪ್ರಿಂಗ್. ಕಾಯಿಸಿ ಎಣ್ಣೆಯಲ್ಲಿ ಅದ್ದಿ, ಮತ್ತೆ ಹದವಾಗಿ ಕಾಯಿಸಿ ಒಂದೊಂದು ಲಾಕ್‌ಗೂ (ಹ್ಯಾಮರ್ ಹೊಡೆಸುವ ಯಂತ್ರಕ್ಕೂ) ಕೈಯಲ್ಲೇ ಮಾಡಬೇಕು. ಇವನು ಯಾವುದೋ ಕೋವಿಯದನ್ನು ಉಜ್ಜಿ ಕೂರಿಸಿ, ಅದು ಹೊಂದಲಿ ಅಂತ ಹ್ಯಾಮರನ್ನು ತಡೆದು ನಿಲ್ಲಿಸುವ ಕಚ್ಚಿಗೇ ಅರ ಹಾಕಿದ್ದಾನೆ. ಖಾಲಿ ಕೋವಿಯ ಬುಡವನ್ನು ನೆಲಕ್ಕೆ ಸ್ವಲ್ಪ ಕುಟ್ಟಿದರೆ ಸಾಕು, ಏರಿಸಿಟ್ಟ ಹ್ಯಾಮರ್ ತಾನಾಗಿ ಬಿತ್ತು. ಒಳಗೆ ತೋಟೆ ಇದ್ದಿದ್ದರೆ?

"ಹೊಡೆದು ನೋಡಿದ್ದೀನಿ, ಫಸ್ಟ್ ಕ್ಲಾಸ್" ಎಂದೂ ಹೇಳಿದ್ದ, ಅಂಗಡಿಯ ಮಾಮೂಲಿ 70 ಮಿ.ಮೀ. ತೋಟೆಯಲ್ಲಿ! ಅಜ್ಜನ ಕಾಲದ ಇಂಥ ಕೋವಿಗಳಲ್ಲಿ ತೋಟೆ ಕೂರುವ ಜಾಗ, ಅಂದರೆ ಚೇಂಬರ್, ಹೆಚ್ಚಾಗಿ 65 ಮಿ.ಮೀ. ಇರುತ್ತದೆ. ಉದ್ದ ತೋಟೆಯ ಬಾಯಿ ಅರಳಲು ಜಾಗವಿಲ್ಲದೆ ಒತ್ತಡ ಏರುತ್ತದೆ. ಮೇಲಾಗಿ ನಮ್ಮದು ಹಳೇ ಕಾಲದ ಕರಿಮದ್ದಿಗೆ ಮಾತ್ರ ಪರೀಕ್ಷೆಯಾದ ನಳಿಗೆ. ಅದನ್ನು ಹೇಳುತ್ತಿದ್ದದ್ದು ನಳಿಗೆಯಡಿಯ ಪ್ರೂಫ್ ಮುದ್ರೆ, ಬಫ್ ಅದನ್ನೂ ಅರ್ಧ ತಿಂದಿದೆ.

ಕೋವಿಯ ನಂಬರಿನ ಕೊನೆಯ ಅಂಕಿಗಳೂ ಹೋಗಿವೆ. ನಿದ್ದೆ ಕೆಡಿಸಿದ್ದು ಇದು. ಶಸ್ತ್ರಾಸ್ತ್ರ ಕಾಯ್ದೆಯ 8ನೇ ಕಲಂ ಪ್ರಕಾರ ನಂಬರ್ ಅಳಿಸುವುದು ಅಪರಾಧ. ಅಳಿಸಿದ ಕೋವಿ ಯಾರ ಬಳಿ ಸಿಕ್ಕಿತೋ ಅವರೇ ಅಳಿಸಿದ್ದಾರೆಂದು ಕಾನೂನು ಭಾವಿಸುತ್ತದೆ, ಅಲ್ಲವೆಂದು ತೋರಿಸುವ ಹೊಣೆ ಅವರದೇ. ಅಜ್ಜನ ಹಳೇ ಕಾಗದಪತ್ರ, ರಿಪೇರಿಗೆ ಮುಂಚಿನ ಫೋಟೋ ಇದ್ದದ್ದರಿಂದ ನಾವೇ ಹೋಗಿ ಅಧಿಕಾರಿಗಳಿಗೆ ಲಿಖಿತವಾಗಿ ತಿಳಿಸಿದೆವು. ಓಡಾಟ ಇನ್ನೂ ಮುಗಿದಿಲ್ಲ.

ಕೊಡವರಿಗೂ ಜಮ್ಮಾ (ಕೊಡಗಿನ ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೂ ಕೋವಿ ಲೈಸೆನ್ಸಿನಿಂದ ಇರುವ ವಿನಾಯಿತಿಯನ್ನು ಕೇಂದ್ರ 2019ರಲ್ಲಿ ಮತ್ತೆ ಹತ್ತು ವರ್ಷಕ್ಕೆ ಮುಂದುವರಿಸಿದೆ, ಸರಿ. ಅದು ಕೋವಿ ಇಟ್ಟುಕೊಳ್ಳುವವರಿಗೆ. ರಿಪೇರಿಯನ್ನು ಕಸುಬಾಗಿ ಮಾಡುವವನಿಗೆ ಅದೇ ಕಾಯ್ದೆಯ 5ನೇ ಕಲಂ ಅಡಿ ಪ್ರತ್ಯೇಕ ಲೈಸೆನ್ಸ್ ಬೇಕೇ ಬೇಕು. ಅಸಲು ಪತ್ರ ತೋರಿಸಿ ಅನ್ನಿ. ಮುಖ ಗಂಟಿಕ್ಕಿದರೆ ಎದ್ದು ಬನ್ನಿ.

ಲೈಸೆನ್ಸ್ ಇದ್ದವರಲ್ಲೂ ಈ ಕೆಲಸ ಬಲ್ಲವರು ಕಡಿಮೆ. ಅವರ ಸ್ಕ್ರೂಡ್ರೈವರ್ ನೋಡಿ. ಹಳೇ ಇಂಗ್ಲಿಷ್ ಕೋವಿಯ ಸ್ಕ್ರೂ ಸೀಳು ಕೂದಲೆಳೆಯಷ್ಟು, ಬಲ್ಲವನು ಅದಕ್ಕೆ ತಕ್ಕಂತೆ ಉಜ್ಜಿದ್ದನ್ನೇ ತೆಗೆಯುತ್ತಾನೆ. ಹಾರ್ಡ್‌ವೇರ್ ಅಂಗಡಿಯದನ್ನು ಹಿಡಿದು ಬಂದರೆ ಕೋವಿ ಮುಟ್ಟಗೊಡಬೇಡಿ. ತಾನೇ ಮಾಡಿದ ಪಟ್ಟಿ ಸ್ಪ್ರಿಂಗ್ ಒಂದನ್ನು ತೋರಿಸಲು ಹೇಳಿ. ನಂಬರ್, ಮುದ್ರೆ, ಲಾಕ್, ಎಲ್ಲದರ ಹತ್ತಿರದ ಫೋಟೋ ತೆಗೆದುಕೊಳ್ಳಿ. ರಸೀದಿಯಲ್ಲಿ ಪೂರ್ತಿ ನಂಬರಿನ ಜೊತೆಗೆ "ಪಾಲಿಶ್, ಬಣ್ಣ, ವೆಲ್ಡಿಂಗ್ ಬೇಡ" ಎಂದು ಬರೆಸಿ ಸಹಿ ಹಾಕಿಸಿ.

ಕೊಡವರ ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದ್ ಸೆಪ್ಟೆಂಬರ್ 3ಕ್ಕೆ. ಪೂಜೆಗೆ ಹೊಳೆಯಲಿ, ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯಕ್ಕೆ ತಯಾರಾಗಲಿ ಅಂತ ಎಲ್ಲರೂ ಆಗಸ್ಟ್‌ನಲ್ಲೇ ಕೋವಿ ಹೊತ್ತು ಓಡುತ್ತಾರೆ. ಆ ಗಡಿಬಿಡಿಯಲ್ಲಿ ಹಳೇ ಕೋವಿ ಕೊಡಬೇಡಿ. ಪೂಜೆಗೆ ಎಣ್ಣೆಬಟ್ಟೆಯಲ್ಲಿ ಒರೆಸಿ ನಳಿಗೆಗೆ ತೋಕ್ ಪೂ (ಕೋವಿ ಹೂ) ಸಿಕ್ಕಿಸಿದರೆ ಸಾಕು, ರಿಪೇರಿ ಮಳೆ ಮುಗಿದ ಮೇಲೆ ನೋಡಿಕೊಳ್ಳಿ.